ನಾನು ಎಣ್ಣೂರಿನಲ್ಲಿ ಕಾಶ್ಮೀರ ತೋರಿಸಿದ್ದು

ಭಾರತ ದೇಶದ ಭೂಗೋಳದ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಚೆನ್ನೈನಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಇದರಲ್ಲಿ ಅಹಂಕಾರವೇನೂ ಇರಲಿಲ್ಲ. ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಹದಿನೆಂಟು ವರ್ಷ ಕೂತವನಿಗೆ ಇಷ್ಟಾದರೂ ನಂಬಿಕೆ ಇಲ್ಲದಿದ್ದರೆ ಹೇಗೆ? ಜಮ್ಮುವಿನ ಗಾಡಿ ಯಾವ ದಿನ, ಜೋಧಪುರಕ್ಕೆ ಹೋಗುವವರು ಎಲ್ಲಿ ಇಳಿದು ಹತ್ತಬೇಕು, ಗುವಾಹಾಟಿಯ ಗಾಡಿ ಇವತ್ತು ಎಷ್ಟು ಗಂಟೆ ತಡ, ಎಲ್ಲವನ್ನೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಒಮ್ಮೆ ನನ್ನ ಹೆಂಡತಿ ಪದ್ಮಾ ನಿಜವಾಗಿಯೂ ನಿದ್ದೆಯಿಂದ ಎಬ್ಬಿಸಿ, "ಗ್ಯಾಸ್ ಬಂದ್ ಮಾಡೀರೇನ್ರೀ?" ಎಂದು ಕೇಳಿದಳು. ನಾನು "ನಾಲ್ಕನೇ ಪ್ಲಾಟ್‌ಫಾರ್ಮ್" ಎಂದೆನಂತೆ!

ನಾನು ಸ್ವತಃ ಕಣ್ಣಾರೆ ಕಂಡ ಊರುಗಳೆಂದರೆ ಚೆನ್ನೈ, ಬೆಂಗಳೂರು, ತಿರುಪತಿ ಮತ್ತು ಪದ್ಮಾಳ ತವರಾದ ಹುಬ್ಬಳ್ಳಿ. ಈ ಸಣ್ಣ ವಿಷಯವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ರೈಲ್ವೆಯವರು ಪ್ರತಿ ವರ್ಷ ಪುಕ್ಕಟೆ ಪಾಸು ಕೊಡುತ್ತಿದ್ದರು. ಪ್ರತಿ ವರ್ಷವೂ ನಾನು, "ಈ ಸಲ ರಶ್ ಜಾಸ್ತಿ, ನಾನಿಲ್ಲದಿದ್ದರೆ ಕೌಂಟರ್ ನಡೆಯೋದಿಲ್ಲ" ಎಂದು ಗಂಭೀರವಾಗಿ ಹೇಳಿ ಪಾಸನ್ನು ಹಾಳು ಮಾಡುತ್ತಿದ್ದೆ. ಪದ್ಮಾಳಿಗೆ ಹುಡುಗಿಯಾಗಿದ್ದಾಗಿನಿಂದ ಒಂದೇ ಆಸೆ. ಕಾಶ್ಮೀರಕ್ಕೆ ಹೋಗಿ ಹಿಮದಲ್ಲಿ ಒಂದು ಸಲ ಕಾಲಿಡಬೇಕು. "ಕಾಶ್ಮೀರದಲ್ಲಿ ಏನಿದೆ? ಬರೀ ಚಳಿ" ಎಂದು ನಾನು, ಅಲ್ಲಿಂದ ನಿನ್ನೆ ತಾನೇ ಬಂದವನ ಹಾಗೆ, ಹೇಳಿಬಿಡುತ್ತಿದ್ದೆ.

ಹೀಗಿರುವಾಗ, ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಏಪ್ರಿಲ್‌ನಲ್ಲಿ, ಅಣ್ಣಾ ನಗರದ ನಮ್ಮ ಬಾಡಿಗೆ ಮನೆಗೆ ಬಿಂದ್ಯಾ ಬಂದ.

ಬಿಂದ್ಯಾ ಎಂದರೆ ಬಿಂದುಮಾಧವ, ಪದ್ಮಾಳ ಚಿಕ್ಕಪ್ಪನ ಮಗ. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಅವರಿವರ ಸಿನಿಮಾಗಳಿಗೆ ಸಹಾಯಕನಾಗಿ ದುಡಿದು, ಕೊನೆಗೂ ಒಂದು ಸಿನಿಮಾ ನಿರ್ದೇಶನ ಮಾಡಿದ್ದ. ಲ್ಯಾಬಿನ ಕೆಲಸಕ್ಕೆಂದು ಚೆನ್ನೈನ ಸಿನಿಮಾ ಬಡಾವಣೆಯಾದ ಕೋಡಂಬಾಕ್ಕಂಗೆ ಬಂದವನು ನಮ್ಮ ಮನೆಯಲ್ಲೇ ಉಳಿದ. ಮೊದಲ ದಿನ ಪದ್ಮಾ ಪ್ರೀತಿಯಿಂದ ಜೋಳದ ರೊಟ್ಟಿ, ಎಣಗಾಯಿ ಮಾಡಿ ಬಡಿಸಿದಳು. ಅವನು ರೊಟ್ಟಿ ಮುರಿಯದೆ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಕೂತ.

"ಪದ್ದಕ್ಕಾ, ನನ್ನ ಕತಿ ಮುಗೀತು."

"ಯಾಕೋ? ಏನಾತು?"

ಆದದ್ದು ಇಷ್ಟು. ಸಿನಿಮಾದಲ್ಲಿ ಒಂದು ಹಾಡು ಬಾಕಿ. ನಾಯಕ ನಾಯಕಿ ಇಡೀ ದೇಶ ಸುತ್ತುತ್ತಾ ಹಾಡುವ ಹಾಡು. ಧ್ವನಿಮುದ್ರಣ ಆಗಿ, ಕ್ಯಾಸೆಟ್ ಕೇಳಿಯೇ ಹಂಚಿಕೆದಾರರು ಸಿನಿಮಾ ಕೊಳ್ಳಲು ಒಪ್ಪಿದ್ದರು. ನಿರ್ಮಾಪಕರು ಬ್ಯಾಡಗಿ ಕಡೆಯ ಮೆಣಸಿನಕಾಯಿ ಸಾವ್ಕಾರ್ರು. ಅವರು ಈಗ ಹೊಸ ಅಪ್ಪಣೆ ಕೊಡಿಸಿದ್ದರು.

"ಹಾಡಿನ್ಯಾಗ ಇಡೀ ಭಾರತ ಕಾಣಬೇಕಂತ. ಆದ್ರ ಯೂನಿಟ್ಟು ಮದ್ರಾಸ್ ದಾಟಬಾರದಂತ! ದಿಲ್ಲಿ, ರಾಜಸ್ಥಾನ, ಕಾಶ್ಮೀರ ಎಲ್ಲಾ ಅದಾವ ಹಾಡಿನ್ಯಾಗ. ಎಲ್ಲಿಂದ ತರ್ಲಿ ಭಾವ? ಈ ಪಿಕ್ಚರ್ ಡಬ್ಬ್ಯಾಗ ಉಳೀತಂದ್ರ ನಾ ಊರಿಗೆ ಹೋಗಿ ನಮ್ಮ ಮಾವನ ಗಿರಣ್ಯಾಗ ಹಿಟ್ಟು ಬೀಸಬೇಕು!"

ನಾನು ನೀರು ಕುಡಿದೆ. ಲೋಟ ಕೆಳಗಿಟ್ಟೆ. ಜಗತ್ತಿನ ದೊಡ್ಡ ದೊಡ್ಡ ಅನಾಹುತಗಳೆಲ್ಲ ಹೀಗೆ ಸಮಾಧಾನವಾಗಿಯೇ ಶುರುವಾಗುತ್ತವೆ.

"ಬಿಂದು," ಎಂದೆ, "ಇಂಡಿಯಾದಲ್ಲಿ ಏನೇನಿದೆಯೋ ಎಲ್ಲಾ ಚೆನ್ನೈನಲ್ಲೇ ಇದೆ. ನೋಡೋ ಕಣ್ಣು ಬೇಕು ಅಷ್ಟೆ. ನೀನು ಊಟ ಮಾಡು. ಭಾರತವನ್ನು ನನಗೆ ಬಿಡು."

"ನೀವು ಯಾವಾಗ ನೋಡೀರಿ ಭಾರತಾ?" ಎಂದಳು ಪದ್ಮಾ.

"ಹದಿನೆಂಟು ವರ್ಷದಿಂದ ದಿನಾ ಅದೇ ಕೆಲಸ."

"ಗಾಡಿ ಬರೋ ಟೈಮ್ ಗೊತ್ತಿದ್ರ ಊರು ನೋಡಿದಂಗ ಆತೇನ್ರೀ?"

ಮೂಲೆಯಲ್ಲಿ ಲೆಕ್ಕ ಬಿಡಿಸುತ್ತಿದ್ದ ನಮ್ಮ ಮಗಳು ಚಿತ್ರಾ ತಲೆಯೆತ್ತಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. "ಅಪ್ಪಾ, ಇದೆಲ್ಲಾ ಉನಕ್ಕು ತೇವೈಯಾ?" ಎಂದಳು. ಇದೆಲ್ಲ ನಿನಗೆ ಬೇಕಾ, ಎಂದು ಅರ್ಥ. ಆರನೇ ಕ್ಲಾಸಿನ ಮಕ್ಕಳಿಗೆ ಇರುವ ದೂರದೃಷ್ಟಿ ದೊಡ್ಡವರಿಗೆ ಇರುವುದಿಲ್ಲ!

ಬಿಂದ್ಯಾ ಮಾತ್ರ ನನ್ನನ್ನು ನಂಬಿದ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಆ ಹುಲ್ಲುಕಡ್ಡಿ ನಾನು. ಆಮೇಲೆ ಮುಳುಗಿದವನೂ ನಾನೇ. ಅದು ಮುಂದೆ ಬರುತ್ತದೆ.

ಅಂದೇ ಕೂತು ಒಂದು ನೋಟ್‌ಬುಕ್ಕಿನಲ್ಲಿ ದೇಶವನ್ನು ಸಿದ್ಧಪಡಿಸಿದೆ. ರೈಲ್ವೆ ಟೈಮ್‌ಟೇಬಲ್ ಮಾದರಿಯಲ್ಲೇ ಬರೆದೆ. ಭಾನುವಾರ ಬೆಳಗ್ಗೆ ಆರಕ್ಕೆ ದೆಹಲಿ, ನುಂಗಂಬಾಕ್ಕಂನ ಒಂದು ಹಳೇ ಬಂಗಲೆಯ ಮುಂದೆ. ಒಂಬತ್ತೂವರೆಗೆ ರಾಜಸ್ಥಾನ, ಎಣ್ಣೂರಿನ ಸಮುದ್ರದ ದಂಡೆಯ ಮರಳಿನಲ್ಲಿ. ಒಂದು ಗಂಟೆಗೆ ಕಾಶ್ಮೀರ. ರಾಜಸ್ಥಾನದಿಂದ ಕಾಶ್ಮೀರಕ್ಕೆ ವ್ಯಾನಿನಲ್ಲಿ ಹತ್ತು ನಿಮಿಷ. ಅಭ್ಯಾಸಬಲದಿಂದ ಪಕ್ಕದಲ್ಲಿ "ತಡವಾಗಬಹುದು" ಎಂದೂ ಬರೆದೆ.

ಬಿಂದ್ಯಾ ಪುಟ ತಿರುವಿ ನೋಡಿದ. "ಕಾಶ್ಮೀರಾನೂ ಎಣ್ಣೂರಾಗ? ಹಿಮ ಎಲ್ಲಿಂದ ಬರ್ತದ ಭಾವ?"

ನನ್ನ ಹೆಮ್ಮೆಯ ಆವಿಷ್ಕಾರ ಅದೇ. ಒಮ್ಮೆ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಆ ಕಡೆ ಹೋದಾಗ ದೂರದಿಂದ ಒಂದು ದೃಶ್ಯ ಕಂಡಿದ್ದೆ. ಅಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರಲ್ಲ, ಆ ಬೂದಿಯನ್ನು ನೀರಿನಲ್ಲಿ ಕಲಸಿ ತಂದು ವಿಶಾಲವಾದ ಬಯಲಿಗೆ ಬಿಡುತ್ತಾರೆ. ನೀರು ಆರಿ, ಬೂದಿ ಹರಡಿಕೊಂಡು, ಬಿಸಿಲು ಬಿದ್ದಾಗ ಕಣ್ಣು ಕೋರೈಸುವಂತೆ ಬೆಳ್ಳಗೆ ಮಿಂಚುತ್ತಿತ್ತು. ಗಿಡವಿಲ್ಲ, ಮನೆಯಿಲ್ಲ, ಬರೀ ಬಿಳುಪು. ಹಿಮವೇ!

ಶನಿವಾರ ಒಬ್ಬನೇ ಹೋಗಿ, ಅಲ್ಲಿದ್ದ ಕಾವಲುಗಾರನನ್ನು ಕಂಡು ಮಾತಾಡಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೂದಿ ನೋಡೋಕೂ ಜನ ಬರ್ತಾರಾ ಸಾರ್?" ಎಂದು ತಮಿಳಿನಲ್ಲಿ ಆಶ್ಚರ್ಯಪಟ್ಟ. ಬನ್ನಿ ಎಂದ. "ಆದರೆ ಓರಮಾವೇ ಇರಿ ಸಾರ್, ಅಂಚಿನಲ್ಲೇ. ಒಳಗೆ ಹೋಗಬೇಡಿ" ಎಂದೂ ಎಂದ. ಹದಿನೆಂಟು ವರ್ಷ ಜನರಿಗೆ ಸೂಚನೆ ಕೊಟ್ಟವನಿಗೆ ಸೂಚನೆ ಕೇಳುವ ಅಭ್ಯಾಸ ಇರಲಿಲ್ಲ. ಆ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುವ ಕಷ್ಟವನ್ನೂ ಪಡಲಿಲ್ಲ. ಬಂದ ಕಿವಿಯಿಂದಲೇ ಹಿಂದಿರುಗಿತು.

ಭಾನುವಾರ ಬೆಳಗ್ಗೆ ದೆಹಲಿಗೆ ಹೊರಟೆವು. ಬಿಂದ್ಯಾ, ಕ್ಯಾಮೆರಾಮನ್ ದೊರೈ, ನಾಯಕ, ನಾಯಕಿ, ಲೈಟಿನವರು ಇಬ್ಬರು, ಮತ್ತು ದೇಶದ ಉಸ್ತುವಾರಿಯಾದ ನಾನು. ದೊರೈ ಕೋಡಂಬಾಕ್ಕಂನಲ್ಲೇ ತಲೆ ನರೆಸಿಕೊಂಡವರು. ಯಾವುದಕ್ಕೂ ಬೆಚ್ಚದ ಮನುಷ್ಯ. ನಾಯಕ ಸಾವ್ಕಾರ್ರ ಹೆಂಡತಿಯ ತಮ್ಮ. ಚೆನ್ನಾಗಿ ತಿಂದುಂಡು ಬೆಳೆದ ಮೈ. ನಾಯಕಿ ಬೆಂಗಳೂರಿನ ಕಾಲೇಜು ಹುಡುಗಿ, ಪಾಪ, ಏನು ಹೇಳಿದರೂ "ಓಕೆ ಸಾರ್" ಎನ್ನುತ್ತಿದ್ದಳು.

ಬಂಗಲೆಯ ಎತ್ತರದ ಕಂಬಗಳು, ಕಮಾನುಗಳು, ಮುಂದೆ ಬೇವಿನ ಮರ, ಎಲ್ಲ ದೆಹಲಿಯ ಹಾಗೇ ಇತ್ತು. ಗೇಟಿನ ಪಕ್ಕದ ತಮಿಳು ಬೋರ್ಡೊಂದನ್ನು ಬಿಟ್ಟರೆ! ಅದರ ಮೇಲೆ ಪದ್ಮಾಳ ಹೂವಿನ ಬೆಡ್‌ಶೀಟು ಹೊದಿಸಿದೆ. ಹಾಡು ಹಾಕಿದರು. ನಾಯಕ ಕೈ ಚಾಚಿ ಎರಡು ಹೆಜ್ಜೆ ಇಟ್ಟ. ಅಷ್ಟರಲ್ಲಿ ಬಾಗಿಲು ತೆರೆದು, ಪಂಚೆ ಉಟ್ಟ ಒಬ್ಬ ವೃದ್ಧರು ನಾಯಿ ಸಮೇತ ಹೊರಬಂದರು.

"ಯಾರ್ ನೀಂಗ? ಯಾರನ್ನು ಕೇಳಿ ನನ್ನ ಮನೆ ಮುಂದೆ ಇದೆಲ್ಲ?"

ನಾನು ಮುಂದೆ ಬಂದು, "ಮಾಲೀಕರ ಒಪ್ಪಿಗೆ ಪಡೆದಿದ್ದೇವೆ ಸಾರ್" ಎಂದೆ.

"ಮಾಲೀಕ ನಾನು!"

ಮೊನ್ನೆ ಅದೇ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾ, ಗಂಭೀರವಾಗಿ ತಲೆಯಾಡಿಸಿ ನನಗೆ ಒಪ್ಪಿಗೆ ಕೊಟ್ಟವನು ಎದುರು ಮನೆಯ ವಾಚ್‌ಮನ್! ನಾಯಿ ಅಷ್ಟರಲ್ಲಿ ನಾಯಕನನ್ನು ಬೇವಿನ ಮರದ ಸುತ್ತ ಮೂರು ಪ್ರದಕ್ಷಿಣೆ ಹಾಕಿಸಿತ್ತು. ನಾಯಕಿ ಅಳುಮುಖ ಮಾಡಿ, "ಅಂಕಲ್, ಒಂದೇ ಒಂದು ಶಾಟ್" ಎಂದಳು. ವೃದ್ಧರು ನಾಯಿಯನ್ನು ಕರೆದುಕೊಂಡು ಒಳಗೆ ಹೋದರು. ಪೊಲೀಸರಿಗೆ ಫೋನ್ ಮಾಡಲು ಹೋದರೆಂದು ನಾನು ವ್ಯಾನಿನ ಹಿಂದೆ ನಿಂತೆ. ಅವರು ಹೊರಬಂದಾಗ ಮೈಮೇಲೆ ಕಪ್ಪು ಮುಚ್ಚುಗೊರಳಿನ ಕೋಟು!

"ದೆಹಲಿ ಎಂದರೆ ಒಬ್ಬ ಮಂತ್ರಿ ಇರಬೇಕಲ್ಲವೇ? ನಾನು ಇಲ್ಲಿ ನಿಂತು ಕೈ ಬೀಸುತ್ತೇನೆ."

ಬೀಸಿದರು. ಬೇಡವೆಂದರೂ ಎಲ್ಲ ಶಾಟಿನಲ್ಲೂ ಬೀಸಿದರು. ಕೊನೆಗೆ ನಮ್ಮೆಲ್ಲರಿಗೂ ಫಿಲ್ಟರ್ ಕಾಫಿ ಕೊಟ್ಟು ಕಳಿಸಿದರು. ವ್ಯಾನಿನಲ್ಲಿ ನಾನು ಬಿಂದ್ಯಾನ ಬೆನ್ನು ತಟ್ಟಿ, "ನೋಡಿದೆಯಾ, ದೆಹಲಿ ಮುಗೀತು. ಬರೀ ಒಂದು ಗಂಟೆ ಲೇಟು" ಎಂದೆ.

ರಾಜಸ್ಥಾನಕ್ಕೆಂದು ನಾನು ಒಂದು ಒಂಟೆ ಬೇಕೆಂದು ಹೇಳಿಟ್ಟಿದ್ದೆ. ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವವನೊಬ್ಬ ಎಲ್ಲಿಂದಲೋ ಒಂಟೆ ತರಿಸುತ್ತೇನೆಂದು ಮಾತು ಕೊಟ್ಟಿದ್ದ. ಎಣ್ಣೂರು ತಲುಪಿದಾಗ ಪದ್ಮಾ ಮತ್ತು ಚಿತ್ರಾ ಎಲ್ಲರ ಊಟ ಕಟ್ಟಿಕೊಂಡು ಲೋಕಲ್ ಟ್ರೇನಿನಲ್ಲಿ ಬಂದು ಮೊದಲೇ ಕೂತಿದ್ದರು. ಪದ್ಮಾ ಇಳಕಲ್ ಸೀರೆ ಉಟ್ಟಿದ್ದಳು. ಈ ಬಿಸಿಲಿನಲ್ಲಿ ಯಾಕೆ ಎಂದರೆ, "ಕಾಶ್ಮೀರಕ್ಕ ಹೊಂಟೀನಿ, ಹಳೇ ಸೀರಿ ಉಡ್ಲೇನು?" ಎಂದಳು. ಅವಳ ಪಕ್ಕದಲ್ಲಿ, ತಲೆಗೆ ಪ್ಲಾಸ್ಟಿಕ್ ಹೂವು ಸಿಕ್ಕಿಸಿಕೊಂಡ ಒಂದು ಬಿಳಿ ಪ್ರಾಣಿ ನಿಂತಿತ್ತು.

"ಅಪ್ಪಾ," ಎಂದಳು ಚಿತ್ರಾ, "ಇದು ಕುದಿರೈ."

ಕುದುರೆಯೇ! ಒಂಟೆ ಸಿಗಲಿಲ್ಲ, ಇದೂ ನಾಲ್ಕು ಕಾಲಿನದೇ ಅಲ್ಲವೇ ಎಂದು ಆ ಪುಣ್ಯಾತ್ಮ ಹೇಳಿ ಕಳಿಸಿದ್ದ.

"ಇರ್ಲಿ ಬಿಡ್ರಿ," ಎಂದ ಬಿಂದ್ಯಾ ನಿಟ್ಟುಸಿರು ಬಿಟ್ಟು. "ರಜಪೂತರು ಕುದುರಿ ಮ್ಯಾಲೂ ಹೋಗ್ತಿದ್ರು. ಹೀರೋ ಮರಳಿನ್ಯಾಗ ದೂರ ದೂರ ಹೋಗಿ ಸಣ್ಣ ಚುಕ್ಕಿ ಆಗಬೇಕು. ಅಷ್ಟೇ ಶಾಟ್."

ನಾಯಕ ಹತ್ತಿದ. ಹಾಡು ಶುರುವಾಯಿತು. ಕುದುರೆ ಗಾಂಭೀರ್ಯದಿಂದ ಹೊರಟಿತು. ಐವತ್ತು ಹೆಜ್ಜೆ ಹೋಯಿತು. ನಿಂತಿತು. ತಾನಾಗಿಯೇ ಹಿಂದಿರುಗಿ, ನೇರ ಕ್ಯಾಮೆರಾದ ಬಳಿ ಬಂದು, ಪಕ್ಕಕ್ಕೆ ವಾಲಿ ನಿಂತುಕೊಂಡಿತು! ಹುಟ್ಟಿದಾಗಿನಿಂದ ಅದಕ್ಕೆ ಗೊತ್ತಿರುವ ಪ್ರಯಾಣವೇ ಅಷ್ಟು. ಮಗುವನ್ನು ಹತ್ತಿಸು, ಐವತ್ತು ಹೆಜ್ಜೆ ಹೋಗು, ತಿರುಗಿ ಬಾ, ಇಳಿಸು. ನಾಯಕ ಇಳಿದು, ಚಿತ್ರಾಳನ್ನೊಮ್ಮೆ ಕೂರಿಸಿ ಸುತ್ತಿಸಿ ತರುವ ತನಕ ಅದು ಮುಂದಿನ ಟೇಕಿಗೆ ಒಪ್ಪಲಿಲ್ಲ. ಐದು ಟೇಕ್ ಆಯಿತು. ಐದು ಸಲವೂ ನಾಯಕ ನಾಯಕಿಯನ್ನು ಅಗಲಿ ದೂರದ ಮರುಭೂಮಿಗೆ ಹೊರಟು, ಅರ್ಧ ನಿಮಿಷದಲ್ಲಿ ವಾಪಸು ಬಂದ. ಚಿತ್ರಾಗೆ ಐದು ಸುತ್ತು ಸಿಕ್ಕಿತು. ಅಪ್ಪನ ಯೋಜನೆಯಲ್ಲಿ ಅವಳಿಗೆ ಮೊದಲ ಬಾರಿ ನಂಬಿಕೆ ಬಂದದ್ದು ಆಗಲೇ.

ಆರನೇ ಟೇಕಿನಲ್ಲಿ ನಾನು ಬುದ್ಧಿವಂತಿಕೆ ಉಪಯೋಗಿಸಿ ಐವತ್ತನೇ ಹೆಜ್ಜೆಯಲ್ಲಿ ಅಡ್ಡ ನಿಂತೆ. ಕುದುರೆ ನನ್ನನ್ನು ಕಂಡು ಎಡಕ್ಕೆ ತಿರುಗಿತು. ಎಡಕ್ಕೆ ಮೀನುಗಾರರ ಹೆಂಗಸರು ಮೀನು ಒಣಹಾಕಿದ್ದರು.

ಆ ಕಡೆಯಿಂದ ಬಂದ ಕೂಗಿಗೆ ಬಂಗಾಳ ಕೊಲ್ಲಿಯೇ ಒಂದು ಹೆಜ್ಜೆ ಹಿಂದೆ ಸರಿದಿರಬೇಕು. ಅಂಜಲೈ ಎಂಬ ಎತ್ತರದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ನನ್ನೆದುರು ನಿಂತಳು. ಹಿಂದೆ ಇನ್ನೂ ಆರು ಜನ.

"ಏನಿದು?" ಎಂದಳು ತಮಿಳಿನಲ್ಲಿ.

"ಅಮ್ಮಾ, ಇದು... ರಾಜಸ್ಥಾನ" ಎಂದೆ.

"ಯಾರಪ್ಪನ ರಾಜಸ್ಥಾನ? ಇದು ನಮ್ಮ ಕುಪ್ಪಂ, ಮೀನುಗಾರರ ಕೇರಿ! ನಮ್ಮ ಮೀನಿನ ಮೇಲೆ ನಿನ್ನ ಕುದುರೆ!"

ನಾನು ನೋಟ್‌ಬುಕ್ ತೆರೆದು ರಾಜಸ್ಥಾನದ ಪುಟ ಹುಡುಕಿದೆ. ಆಗ ಪದ್ಮಾ ಎದ್ದು ಬಂದಳು. ಅವಳ ತಮಿಳು ತರಕಾರಿ ಅಂಗಡಿಯ ಮಟ್ಟದ್ದು. ಅಷ್ಟರಲ್ಲೇ ಏನೋ ಹೇಳಿದಳು, ನನ್ನ ಕಡೆ ಬೆರಳು ತೋರಿಸಿದಳು, ಹಣೆ ಚಚ್ಚಿಕೊಂಡಳು. ಅಂಜಲೈ ನನ್ನನ್ನು ನೋಡಿ ಮರುಕದಿಂದ ನಕ್ಕಳು. ಪದ್ಮಾ ಏನು ಹೇಳಿದಳೆಂದು ನಾನು ಇವತ್ತಿನವರೆಗೂ ಕೇಳಿಲ್ಲ. ಇಬ್ಬರೂ ಕೂತು, ಚದುರಿದ ಮೀನನ್ನೆಲ್ಲ ಮತ್ತೆ ಸಾಲಾಗಿ ಹರಡಿದರು. ಹುಟ್ಟಾ ಸಸ್ಯಾಹಾರಿಯಾದ ನನ್ನ ಹೆಂಡತಿ, ಇಳಕಲ್ ಸೀರೆಯಲ್ಲಿ, ನನ್ನ ಭೂಗೋಳ ಜ್ಞಾನದ ಸಲುವಾಗಿ ಮೀನು ಮುಟ್ಟಿದಳು! ಆಮೇಲೆ ಎಲ್ಲ ಹೆಂಗಸರೂ ನಮ್ಮ ಚಪಾತಿ, ಮೊಸರನ್ನಕ್ಕೆ ಸೇರಿಕೊಂಡರು. ದೊರೈ ಶಾಂತವಾಗಿ ಹೇಳಿದರು, "ಕುದುರೆ ಹೋಗೋದನ್ನ ಮಾತ್ರ ಇಟ್ಟುಕೊಳ್ಳೋಣ ಸಾರ್. ಬರೋದನ್ನ ಕತ್ತರಿಸೋಣ."

ಒಂದು ಗಂಟೆಗೆ ಸರಿಯಾಗಿ ಕಾಶ್ಮೀರ ತಲುಪಿದೆವು. ಅವತ್ತು ಸರಿಯಾದ ಸಮಯಕ್ಕೆ ಬಂದದ್ದು ಅದೊಂದೇ. ಕಾಶ್ಮೀರ ಎಂದರೆ ಏನೆಂದು ನೋಡಲು ಅಂಜಲೈ ಮತ್ತು ಅವಳ ಜೊತೆಯವರೂ ವ್ಯಾನು ಹತ್ತಿದ್ದರು.

ಒಂದು ಮಾತು ಹೇಳಬೇಕು. ವ್ಯಾನಿನಿಂದ ಇಳಿದ ಕೂಡಲೇ ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದರು. ಕಣ್ಣು ಹಾಯುವ ತನಕ ಬೆಳ್ಳಗೆ, ಸಣ್ಣ ಸಣ್ಣ ಅಲೆಗಳಾಗಿ ಹರಡಿತ್ತು. ಪದ್ಮಾ ಬರಿಗಾಲಿನಲ್ಲಿ ಅಂಚಿನವರೆಗೆ ನಡೆದು ನಿಂತಳು. ಬಗ್ಗಿ ಒಂದು ಹಿಡಿ ತೆಗೆದು, ಬೆರಳ ಸಂದಿಯಿಂದ ಉದುರಿಸಿದಳು.

"ಚಂದ ಅದರೀ," ಎಂದಳು ಮೆಲ್ಲಗೆ. "ಸುಳ್ಳs ಇರ್ಲಿ, ಚಂದ ಅದ."

ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಅವಳು ನನ್ನ ಯಾವ ಕೆಲಸವನ್ನೂ ಇಷ್ಟು ಹೊಗಳಿರಲಿಲ್ಲ. ನನ್ನ ಎದೆ ಉಬ್ಬಿತು. ಅಂಜಲೈ ಮಾತ್ರ, "ಇದು ದಿನಾ ನಮ್ಮ ಮನೆ ಒಳಗೇ ಬರುತ್ತಲ್ಲ ಅಮ್ಮಾ, ಅನ್ನದಲ್ಲಿ, ಹಾಸಿಗೆಯಲ್ಲಿ. ಇದನ್ನು ನೋಡೋಕೆ ಇಲ್ಲಿತನಕ ಬಂದಿರಾ?" ಎಂದಳು. ನನ್ನ ಎದೆ ಸ್ವಲ್ಪ ಇಳಿಯಿತು.

ನಾಯಕ ಎರಡು ಸ್ವೆಟರ್ ಹಾಕಿಕೊಂಡ, ಕಿವಿಗೆ ಉಣ್ಣೆ ಟೋಪಿ. ಏಪ್ರಿಲ್ ಬಿಸಿಲಿನಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ನಾಯಕಿಗೆ ಶಾಲು. "ನಡುಗಬೇಕು, ನಡುಗಬೇಕು!" ಎಂದು ಬಿಂದ್ಯಾ ಕೂಗಿದ. "ಓಕೆ ಸಾರ್" ಎಂದು ಅವಳು ನಡುಗಿದಳು. "ಕಾಶ್ಮೀರ... ಕಾಶ್ಮೀರ..." ಎಂದು ಹಾಡು ಮೊಳಗಿತು. ನಾಯಕ ನಾಯಕಿ ಕೈಕೈ ಹಿಡಿದು ಹಿಮದೊಳಕ್ಕೆ ಓಡಿದರು. ನನಗೆ ಕಾವಲುಗಾರನ ಮಾತು ಆಗ ನೆನಪಾಯಿತು. ಏನೋ ಅಂಚು ಅಂದಿದ್ದನಲ್ಲ?

ತಾಳಕ್ಕೆ ಸರಿಯಾಗಿ ನಾಯಕ ಮೇಲಕ್ಕೆ ನೆಗೆದ. ಕೆಳಗೆ ಬಂದ. ಬರುತ್ತಲೇ ಇದ್ದ!

ಮೇಲೆ ಒಣಗಿ ಗಟ್ಟಿಯಾಗಿ ಕಂಡರೂ ಒಳಗೆ ಬೂದಿ ಇನ್ನೂ ಹಸಿ, ದೋಸೆ ಹಿಟ್ಟಿನ ಹಾಗೆ. ನಾಯಕ ಮೊಣಕಾಲಿನ ತನಕ ಹೂತುಹೋದ. ಹಗುರವಾಗಿದ್ದ ನಾಯಕಿ ಇದು ಹೊಸ ಸ್ಟೆಪ್ ಎಂದುಕೊಂಡು ಅವನ ಸುತ್ತ ಕುಣಿಯುತ್ತಲೇ ಇದ್ದಳು.

"ಹೆದರಬೇಡಿ! ಈ ಜಾಗ ನನಗೆ ಗೊತ್ತು!" ಎಂದು ಕೂಗುತ್ತಾ ನಾನು ಓಡಿದೆ.

ಅಷ್ಟು ವಿಶ್ವಾಸದಿಂದ ಓಡಬಾರದಿತ್ತು. ನಾಯಕನ ಪಕ್ಕಕ್ಕೆ ತಲುಪುವಷ್ಟರಲ್ಲಿ ನಾನು ಸೊಂಟದ ತನಕ ಇಳಿದಿದ್ದೆ. ನಾಯಕ ನನ್ನ ಭುಜದ ಮೇಲೆ ಕೈಯಿಟ್ಟ. ಆಮೇಲೆ ಮೊಣಕಾಲಿಟ್ಟ. ಆಮೇಲೆ ಇಡೀ ಪಾದವನ್ನೇ ಇಟ್ಟು, ಮೆಟ್ಟಿಲು ಹತ್ತುವ ಹಾಗೆ ಹತ್ತಿ, ನಾಯಕಿಯ ಕೈ ಹಿಡಿದು ದಡ ಸೇರಿದ. ನಾನು ರಕ್ಷಿಸಲು ಹೋದದ್ದು ಸಾರ್ಥಕವಾಯಿತು. ಆದರೆ ನಾನು ಅಲ್ಲೇ ಉಳಿದೆ.

ಆಗ ಗಾಳಿ ಎದ್ದಿತು. ಚೆನ್ನೈನಲ್ಲಿ ಬೇಸಿಗೆಯ ಮಧ್ಯಾಹ್ನ ಸಮುದ್ರದ ಗಾಳಿ ಬೀಸುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ಟೈಮ್‌ಟೇಬಲ್‌ನಲ್ಲಿ ಆ ಗಾಡಿ ಇರಲಿಲ್ಲ. ಒಣ ಬೂದಿಯೆಲ್ಲ ಒಟ್ಟಿಗೆ ಮೇಲೆದ್ದು, ಕ್ಷಣದಲ್ಲಿ ಆಕಾಶ, ವ್ಯಾನು, ಕ್ಯಾಮೆರಾ, ಬಿಂದ್ಯಾ ಎಲ್ಲ ಒಂದೇ ಬಣ್ಣವಾದವು. ಬಾಯಿ ತೆರೆದರೆ ಬೂದಿ. ಮುಚ್ಚಿದರೆ ಮೂಗಿಗೆ. ಬಿಂದ್ಯಾ ತಲೆಯ ಮೇಲೆ ಕೈಹೊತ್ತು ಕೂತು, "ಹಿಟ್ಟಿನ ಗಿರಣೀನs ಬಂದು ನನ್ನ ಮ್ಯಾಲೆ ಬಿತ್ತಲ್ಲೋ!" ಎಂದು ಗೋಳಾಡುವುದು ಕೇಳಿಸಿತು.

"ಏನ್ರೀ! ಅಲುಗಾಡಬ್ಯಾಡ್ರಿ!" ಎಂದು ಪದ್ಮಾ ಕೂಗುತ್ತಿದ್ದಳು. ಆ ದನಿಯಲ್ಲಿ ಮೊದಲ ಬಾರಿಗೆ ತಮಾಷೆ ಇರಲಿಲ್ಲ. ಚಿತ್ರಾ "ಅಪ್ಪಾ, ಅಪ್ಪಾ" ಎಂದು ಅಳುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಆಗ ಹೆದರಿಕೆಯಾಯಿತು. ಕಾಲಿನ ಕೆಳಗೆ ನೆಲವೇ ಸಿಗುತ್ತಿರಲಿಲ್ಲ.

ಕೆಲಸಕ್ಕೆ ಬಂದವಳು ಅಂಜಲೈ. ಓಡಿಹೋಗಿ ಎಲ್ಲಿಂದಲೋ ಬಲೆ ಎಳೆಯುವ ದಪ್ಪ ಹಗ್ಗ ತಂದಳು. ಎಸೆದು, "ಕಂಕುಳ ಕೆಳಗೆ ಕಟ್ಟಿಕೋ!" ಎಂದಳು. ಏಳು ಹೆಂಗಸರು ಸಾಲಾಗಿ ನಿಂತರು. ಎಂಟನೆಯವಳು ಪದ್ಮಾ, ಸೆರಗು ಸೊಂಟಕ್ಕೆ ಕಟ್ಟಿ. "ಏಲೇಲೋ ಐಲಸಾ!" ಎಂದು ಎಳೆದರು. ಅವರು ಎಷ್ಟೋ ವರ್ಷಗಳಿಂದ ಎಷ್ಟೋ ಬಲೆ ಎಳೆದಿರಬೇಕು. ಇಷ್ಟು ನಿಷ್ಪ್ರಯೋಜಕವಾದ ಮೀನು ಎಂದೂ ಸಿಕ್ಕಿರಲಾರದು! ಇಂಚಿಂಚಾಗಿ ಮೇಲೆ ಬಂದೆ. ಚಪ್ಪಲಿ ಎರಡೂ ಒಳಗೇ ಉಳಿದವು. ಕಾಶ್ಮೀರದಲ್ಲಿ ನನ್ನದು ಎನ್ನುವಂಥ ಆಸ್ತಿ ಇರುವುದು ಅಷ್ಟೆ.

ಸರಿಯಾಗಿ ಆ ಹೊತ್ತಿಗೆ ಒಂದು ಅಂಬಾಸಿಡರ್ ಕಾರು ಬಂದು ನಿಂತಿತು. ಭಾಮೈದನಿಂದ ಜಾಗ ತಿಳಿದುಕೊಂಡು, ನಮಗೆ ಹೇಳದೆ ಕೇಳದೆ ಬ್ಯಾಡಗಿಯಿಂದ ಸಾವ್ಕಾರ್ರೇ ಬಂದಿಳಿದರು!

ಅವರಿಗೆ ಕಂಡ ದೃಶ್ಯ ಇದು. ಮಂಜಿನಂತೆ ಕವಿದ ಬೂದಿ. ಅದರೊಳಗೆ ಮೈಯೆಲ್ಲ ಬೂದಿ ಬಳಿದುಕೊಂಡ ಹತ್ತು ಹನ್ನೆರಡು ಜನ. ಹೆಂಗಸರು ಒಂದೇ ಸ್ವರದಲ್ಲಿ ಏನೋ ಹಾಡುತ್ತಿದ್ದಾರೆ. ಹಾಡಿನ ಜೊತೆಗೆ, ತಲೆಯಿಂದ ಕಾಲಿನ ತನಕ ಬೂದಿಯಾದ ಒಬ್ಬ ಮನುಷ್ಯ, ಕಣ್ಣು ಮುಚ್ಚಿಕೊಂಡು, ಭೂಮಿಯೊಳಗಿನಿಂದ ನಿಧಾನವಾಗಿ ಮೇಲೆ ಬರುತ್ತಿದ್ದಾನೆ!

ಸಾವ್ಕಾರ್ರು ದೈವಭಕ್ತರು. ಟೋಪಿ ತೆಗೆದರು. ಎರಡೂ ಕೈ ಜೋಡಿಸಿದರು. ನಾನು ದಡಕ್ಕೆ ಬಂದು ಬಿದ್ದು, ನನ್ನ ಶ್ರಮವನ್ನು ಮೆಚ್ಚಿ ಕೈಮುಗಿಯುತ್ತಿದ್ದಾರೆಂದು ತಿಳಿದು, ಪ್ರತಿಯಾಗಿ ಕೈಯೆತ್ತಿದೆ.

"ಸ್ವಾಮಿಗಳ್ದು ಎಷ್ಟ್ ವರ್ಷದ ತಪಸ್ಸರಿ?" ಎಂದು ಅವರು ಭಯಭಕ್ತಿಯಿಂದ ಕೇಳಿದರು.

ನನ್ನ ಬಾಯಿ ತುಂಬ ಬೂದಿ. ಉತ್ತರ ಹೊರಡಲಿಲ್ಲ. ಸಾವ್ಕಾರ್ರು ಅದನ್ನು ಮೌನವ್ರತ ಎಂದುಕೊಂಡರು. "ಏನಪಾ ಬಿಂದೂ, ಇದು ಯಾವ ಸೀನು? ನನ್ನ ಮೈಯಾಗ ಜುಮ್ ಅಂತೈತಲ್ಲ!"

ಬಿಂದ್ಯಾ ತಲೆಯಿಂದ ಕೈ ತೆಗೆದ. ನನ್ನನ್ನು ನೋಡಿದ. ಹೆಂಗಸರನ್ನು ನೋಡಿದ. ಬೂದಿಯನ್ನು ನೋಡಿದ. ಹನ್ನೊಂದು ವರ್ಷದ ಅನುಭವ ಆ ಒಂದು ಕ್ಷಣದಲ್ಲಿ ಕೆಲಸಕ್ಕೆ ಬಂತು.

"ಸಾವ್ಕಾರ್ರ," ಎಂದ, ಎದ್ದು ನಿಂತು. "ಇದು ಕಾಶಿ!"

"ಕಾಶೀನ! ಹಾಡಿನ್ಯಾಗ ಕಾಶ್ಮೀರ ಇತ್ತಲ್ಲೋ?"

"ಹಿಮ ಎಲ್ಲಾರೂ ತೋರಸ್ತಾರ್ರಿ. ಇದನ್ನ ಯಾರ್ ತೋರಸ್ತಾರ? ಕಾಶೀತೀರ ಅಂತ ಮಾಡೋಣು. ಕಾಶ್ಮೀರ, ಕಾಶೀತೀರ. ತಾಳ ತಪ್ಪಂಗಿಲ್ಲ!"

ತುಟಿ ಚಲನೆ ಹೊಂದುತ್ತದೆಯೇ ಎಂದು ಯಾರೋ ಕೇಳಿದರು. ದೊರೈ ಲೆನ್ಸಿನ ಮೇಲಿನ ಬೂದಿ ಒರೆಸುತ್ತಾ, "ಆ ಧೂಳಿನಲ್ಲಿ ತುಟಿ ಎಲ್ಲಿ ಕಾಣುತ್ತೆ ಸಾರ್?" ಎಂದರು. ಆಮೇಲೆ ಅಷ್ಟೇ ಶಾಂತವಾಗಿ ಸೇರಿಸಿದರು, "ನಾನು ಕ್ಯಾಮೆರಾ ಆಫ್ ಮಾಡಲೇ ಇಲ್ಲ. ಎಲ್ಲಾ ಬಂದಿದೆ."

ಸಾವ್ಕಾರ್ರು ಅಂಜಲೈ ಮತ್ತು ಅವಳ ಜೊತೆಯವರನ್ನು ಕರೆದು, ಹಾಳಾದ ಮೀನಿಗೂ ಎಳೆದ ಹಗ್ಗಕ್ಕೂ ಸೇರಿಸಿ ಕೈತುಂಬ ಕೊಟ್ಟರು. ನಾನು ಸ್ವಾಮಿಯಲ್ಲ, ಬಿಂದ್ಯಾನ ಭಾವ ಎಂದು ತಿಳಿದಾಗ ಅವರಿಗೆ ಸ್ವಲ್ಪ ಬೇಸರವೇ ಆಯಿತು. ಆದರೂ ಮುಗಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವತ್ತು ನಾನು ಮೂರು ಸಲ ಸ್ನಾನ ಮಾಡಿದೆ. ಪದ್ಮಾ ನನ್ನ ಬೆನ್ನು ಉಜ್ಜುತ್ತಾ ಮೊದಲು ಬೈದಳು, ಆಮೇಲೆ ಸ್ವಲ್ಪ ಅತ್ತಳು, ಆಮೇಲೆ ಅವಳಿಗೆ ನಗು ಶುರುವಾಯಿತು. ಎಷ್ಟು ನಕ್ಕಳೆಂದರೆ ಮೂರು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು.

ದಸರೆ ರಜೆಯಲ್ಲಿ ಸಿನಿಮಾ ಬಿಡುಗಡೆಯಾಯಿತು. ನಾವು ಹುಬ್ಬಳ್ಳಿಗೆ ಹೋಗಿದ್ದೆವು. ಬಿಂದ್ಯಾ ಇಡೀ ಬಳಗಕ್ಕೆ ಟಿಕೇಟು ತೆಗೆಸಿದ್ದ. ದೆಹಲಿಯಲ್ಲಿ ಮಂತ್ರಿಗಳು ಕೈ ಬೀಸಿದಾಗ ಜನ ಚಪ್ಪಾಳೆ ತಟ್ಟಿ ಸಿಳ್ಳೆ ಹಾಕಿದರು. ರಾಜಸ್ಥಾನದಲ್ಲಿ ನಾಯಕ ಹೋದ, ಬರಲಿಲ್ಲ. ಆಮೇಲೆ ಪರದೆಯ ತುಂಬ ಬಿಳಿ ಧೂಳು. ಸಂಗೀತ ನಿಧಾನವಾಯಿತು. "ಕಾಶೀತೀರ..." ಧೂಳಿನ ನಡುವಿನಿಂದ, ಕಣ್ಣು ಮುಚ್ಚಿ, ಪರಮ ವೈರಾಗ್ಯದ ಮುಖದಲ್ಲಿ, ನಾನು ಮೇಲೆದ್ದು ಬಂದೆ! ಹಗ್ಗವನ್ನು ಬಿಂದ್ಯಾ ಹೇಗೋ ಕಾಣದಂತೆ ಮಾಡಿದ್ದ. ಸಿಳ್ಳೆಗಳು ನಿಂತವು. ಹಿಂದಿನ ಸಾಲಿನಲ್ಲಿ ಯಾರೋ, "ಖರೇ ಸಾಧುಗಳು ನೋಡೋ. ಮಾರಿ ಮ್ಯಾಲೆ ಸಂಸಾರದ ಚಿಂತಿ ಒಂದ್ ಚೂರರ ಐತೇನು?" ಎಂದರು. ಆ ಮುಖದ ಹಿಂದೆ ಆಗ ಇದ್ದದ್ದು ಸಂಸಾರದ ಚಿಂತೆ ಮಾತ್ರ ಎಂದು ಎದ್ದು ಹೇಳೋಣವೆನಿಸಿತು.

ನನ್ನ ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಕೂತಿದ್ದರು. ಹಾಡು ಮುಗಿದಾಗ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಸಾಯೋದ್ರೊಳಗ ಒಂದ್ ಸಲ ಕಾಶಿ ನೋಡಬೇಕ್ರಿ ತಮ್ಮಾ. ನಮ್ಮ ಹಣ್ಯಾಗ ಬರದಿಲ್ಲ. ನೀವು ಹೋಗೀರೇನು?"

ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಪದ್ಮಾ ಬಗ್ಗಿ ಹೇಳಿದಳು, "ಹೋಗಿದ್ರರೀ ಅಜ್ಜಾರ. ಸೊಂಟದ ತನಕಾ ಮುಳುಗಿ ಬಂದಾರ!"

ಚಿತ್ರಾ ಬಾಯಿಗೆ ಕರ್ಚೀಫು ಒತ್ತಿಕೊಂಡಳು. ಅಜ್ಜ ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಆಮೇಲೆ ಸೀಟಿನ ಹಿಡಿ ಹಿಡಿದು, ಮಂಡಿ ನೋವಿಗೆ ಮುಲುಗುತ್ತಾ, ಬಗ್ಗಿ ನನ್ನ ಕಾಲು ಮುಟ್ಟಿದರು. ಕಾಶಿಗೆ ಹೋಗಿ ಬಂದವರ ಕಾಲು ಮುಟ್ಟಿದರೆ ಅರ್ಧ ಪುಣ್ಯ ಬರುತ್ತದಂತೆ. ಕಾಲು ಹಿಂದಕ್ಕೆ ಎಳೆದುಕೊಳ್ಳಲು ಸೀಟುಗಳ ನಡುವೆ ಜಾಗವಿರಲಿಲ್ಲ.

"ಆಶೀರ್ವಾದ ಮಾಡ್ರಿ," ಎಂದು ಪದ್ಮಾ ಪಿಸುಗುಟ್ಟಿದಳು. "ಪಾಪ, ಹಿರ್ಯಾರು ಎಷ್ಟೊತ್ತು ಬಗ್ಗಿರಬೇಕು?"

ಮಾಡಿದೆ.